ಬಿದರಕೊಪ್ಪದ ಕೆರೆ ಫೋಟೊ ತೆಗೆಸಿಕೊಂಡ ಮುಂಜಾನೆ

ಮೊನ್ನೆ ನಮ್ಮ ಇಲಾಖೆಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಶಿಗ್ಗಾವಿಯ ನಮ್ಮ ಮನೆಗೆ ಬಂದಿದ್ದಳು. ಫೋನಿನಲ್ಲಿ ಉಪಗ್ರಹದ ಚಿತ್ರ ತೆರೆದು, ನಮ್ಮ ಮಾಳಿಗೆಯ ಮೇಲೆ ಒಣಹಾಕಿದ್ದ ಚಾದರವನ್ನು ತೋರಿಸಿದಳು. ನನ್ನ ಹೆಂಡತಿ ಕನ್ನಡಕ ಏರಿಸಿ ನೋಡಿ, "ಇದು ನಮ್ಮದಲ್ಲವ್ವಾ, ನಮ್ಮ ಚಾದರಕ್ಕ ಅಂಚು ಐತಿ" ಎಂದಳು. ನಾನು ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಂಡೆ. ನಾವು ಕೆಲಸಕ್ಕೆ ಸೇರಿದ ಕಾಲದಲ್ಲಿ ಚಾದರದ ಮಾತು ಹಾಗಿರಲಿ, ಊರಿಗೆ ಊರೇ ಒಂದು ಚುಕ್ಕೆಯೊಳಗೆ ಮುಳುಗಿಹೋಗುತ್ತಿತ್ತು.

"ಅಷ್ಟೂ ಕಾಣದ ಚಿತ್ರ ಇಟ್ಟುಕೊಂಡು ಅಷ್ಟು ವರ್ಷ ಏನು ಮಾಡಿದಿರಿ ಸರ್?" ಎಂದು ಅವಳು ಕೇಳಿದಳು. ಕೇಳಬೇಕಾದ ಪ್ರಶ್ನೆಯೇ. ನನ್ನ ಬಡ್ತಿ, ವರ್ಗಾವಣೆ, ಬೀಳ್ಕೊಡುಗೆಯ ಶಾಲು, ಇವುಗಳಲ್ಲಿ ಯಾವುದೂ ಅದಕ್ಕೆ ಉತ್ತರವಲ್ಲ. ಶಾಲನ್ನು ನುಸಿ ತಿಂದಿದೆ. ಉತ್ತರ ಇರುವುದು ತಿಳವಳ್ಳಿ ಕಡೆಯ ಒಂದು ಕೆರೆಯಲ್ಲಿ. ಅವಳಿಗೆ ಅವತ್ತು ಬಸ್ಸಿನ ಹೊತ್ತಾಗಿತ್ತು, ಅರ್ಧ ಹೇಳಿದೆ. ಈಗ ಪೂರ್ತಿ ಬರೆಯುತ್ತಿದ್ದೇನೆ. ಈ ಕೆಲಸಕ್ಕೆ ಬರುವ ನೀವೆಲ್ಲ ಓದಿ, ನಗು ಬಂದರೆ ನಗಿ. ನಾವೂ ಆಗ ಬಹಳ ನಕ್ಕಿದ್ದೇವೆ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಧಾರವಾಡದ ಕಚೇರಿಗೆ ಸೇರಿದೆ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲೂಕುಗಳ ಕೆರೆ ಮತ್ತು ಹೊಳೆಗಳು ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಗುತ್ತಿವೆ ಎಂದು ಉಪಗ್ರಹದ ಚಿತ್ರ ನೋಡಿ ಗುರುತಿಸುವುದು ನಮ್ಮ ಕೆಲಸ. ಚಿತ್ರ ಎಂದರೆ ಎಕ್ಸ್-ರೇ ಹಾಗಿನ ದೊಡ್ಡ ಬಣ್ಣದ ಫಿಲ್ಮು. ಒಳಗೆ ಟ್ಯೂಬ್‌ಲೈಟ್ ಇಟ್ಟು ಮೇಲೆ ಗಾಜು ಹಾಸಿದ ಮೇಜಿನ ಮೇಲೆ ಅದನ್ನು ಹರಡಿ, ಕಣ್ಣಿಗೆ ಭೂತಗನ್ನಡಿ ಹಚ್ಚಿಕೊಂಡು, ಮೇಲೊಂದು ತೆಳು ಪ್ಲಾಸ್ಟಿಕ್ ಹಾಳೆ ಇಟ್ಟು ಕೆರೆಗಳ ಅಂಚನ್ನು ಪೆನ್ನಿನಿಂದ ತಿದ್ದಬೇಕು. ದೊಡ್ಡ ಕೆರೆ ಹುರಳಿ ಕಾಳಿನಷ್ಟು, ಸಣ್ಣ ಕೆರೆ ಸಾಸಿವೆಯಷ್ಟು. ಒಮ್ಮೆ ಫಿಲ್ಮಿನ ಮೇಲೆ ನಿಜವಾಗಿಯೂ ಒಂದು ಸಾಸಿವೆ ಕಾಳು ಬಿದ್ದಿತ್ತು. ಉಪ್ಪಿಟ್ಟಿನದು. ಹಾನಗಲ್ಲ ತಾಲೂಕಿಗೆ ಒಂದು ಕೆರೆ ಹೆಚ್ಚಾಯಿತು. ಮರುದಿನ ಕಸ ಹೊಡೆಯುವಾಗ ಕಡಿಮೆಯಾಯಿತು. ಆ ಮೇಜಿನ ಗಾಜು ಮಧ್ಯಾಹ್ನದ ಹೊತ್ತಿಗೆ ಹಂಚಿನಂತೆ ಕಾಯುತ್ತಿತ್ತು, ನಾವು ಅದರ ಮೂಲೆಯಲ್ಲಿ ಊಟದ ಡಬ್ಬಿ ಬಿಸಿ ಮಾಡಿಕೊಳ್ಳುತ್ತಿದ್ದೆವು.

ಆ ಫಿಲ್ಮಿನಲ್ಲಿ ಹಸಿರು ಕೆಂಪಾಗಿ ಕಾಣುತ್ತದೆ. ತಿಳಿನೀರು ಕಪ್ಪಗೆ ಕಾಣುತ್ತದೆ. ನೀರಿನಲ್ಲಿ ಮಣ್ಣು ಬೆರೆತಷ್ಟೂ ಕಪ್ಪು ತಿಳಿಯಾಗುತ್ತಾ ಆಕಾಶನೀಲಿಗೆ ತಿರುಗುತ್ತದೆ. ಹೊಸ ಕೆಲಸ ಎಂಬ ಹೆಮ್ಮೆಯಲ್ಲಿ ಇದನ್ನು ನಮ್ಮವ್ವನಿಗೆ ವಿವರಿಸಿದೆ. ಅವ್ವ ರೊಟ್ಟಿ ಬಡಿಯುವುದು ನಿಲ್ಲಿಸಿ, "ಬೆಳಿ ಕೆಂಪ ಕಾಣ್ತದ, ನೀರ ಕರೇದ ಕಾಣ್ತದ ಅಂತೀ. ಅದಕ್ಕ ಪಗಾರ ಬ್ಯಾರೆ ಕೊಡ್ತಾರ. ಮೊದಲ ಕಣ್ಣಿನ ಡಾಕ್ಟರ್ ಕಡೆ ಹೋಗಿ ಬಾ ತಮ್ಮಾ" ಎಂದಳು. ನಾನು ನಿವೃತ್ತನಾಗುವವರೆಗೂ ಅವ್ವನ ಅಭಿಪ್ರಾಯ ಬದಲಾಗಲಿಲ್ಲ.

ನಮ್ಮ ಮೇಲಧಿಕಾರಿ ನಂಜುಂಡಯ್ಯನವರು ಮೈಸೂರು ಕಡೆಯವರು. ತೆಳ್ಳಗೆ, ಬೆಳ್ಳಗೆ, ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಸದಾ ಭೂತಗನ್ನಡಿ. ಫಿಲ್ಮಿನ ಮೇಲೆ ಅವರಿಗಿದ್ದ ಭಕ್ತಿ ಕೆಲವರಿಗೆ ದೇವರ ಮೇಲೂ ಇರುವುದಿಲ್ಲ. "ಮನುಷ್ಯ ಸುಳ್ಳು ಹೇಳ್ತಾನೆ ಕಣ್ರೀ. ಫಿಲ್ಮು ಹೇಳಲ್ಲ" ಎನ್ನುವುದು ಅವರ ದಿನದ ಮಂತ್ರ. ಕೈತೊಳೆಯದೆ ಫಿಲ್ಮು ಮುಟ್ಟಿದವನ ಕಥೆ ಮುಗಿಯಿತು. ಸಾಸಿವೆಯ ಪ್ರಕರಣ ಅವರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ಆ ಭಕ್ತಿಗೆ ಮೊದಲ ಪೆಟ್ಟು ಬಿದ್ದದ್ದು ಸವಣೂರಿನಲ್ಲಿ. ಬಿರುಬೇಸಿಗೆಯ ಫಿಲ್ಮಿನಲ್ಲಿ, ಸುತ್ತಲೂ ನೆಲವೆಲ್ಲ ಬೂದುಬಣ್ಣಕ್ಕೆ ತಿರುಗಿದ್ದಾಗ, ಸವಣೂರಿನ ಪಕ್ಕದಲ್ಲಿ ಒಂದು ತುಂಡು ಮಾತ್ರ ಕುಂಕುಮ ಚೆಲ್ಲಿದಷ್ಟು ಕೆಂಪಗಿತ್ತು. ಸಾಹೇಬರು ಇಡೀ ದಿನ ನೋಡಿ "ದಟ್ಟ ಕಾಡು" ಎಂದು ಬರೆದು ಮೇಲೆ ಕಳಿಸಿಬಿಟ್ಟರು. ಕಾಡು ಎಂದಮೇಲೆ ಕಾಯುವವರು ಬೇಡವೇ? ಎಲ್ಲಿಂದಲೋ ಒಬ್ಬ ಫಾರೆಸ್ಟ್ ಗಾರ್ಡನನ್ನು ಕಾಡು ನೋಡಿ ಬರಲು ಕಳಿಸಿದರು. ಅವನು ಸೈಕಲ್ ಮೇಲೆ ಸವಣೂರೆಲ್ಲ ಸುತ್ತಿ, ಕಾಡು ಸಿಗದೆ, ಎಲೆತೋಟದ ನೆರಳಿನಲ್ಲಿ ಕುಳಿತ. ತೋಟದ ಮಾಲೀಕರು ಅವನಿಗೆ ಸವಣೂರಿನ ಕುರುಕಲು ಖಾರ ತಿನ್ನಿಸಿ, ಎಲೆ ಅಡಿಕೆ ಕೊಟ್ಟು, "ಏನ್ ಹುಡುಕಾಕತ್ತೀರಿ?" ಎಂದು ಕೇಳಿದಾಗ, ಅವನು ಅಡವಿಯೊಳಗೇ ಕುಳಿತು ಅಡವಿ ಎಲ್ಲಿದೆ ಎಂದು ವಿಚಾರಿಸುತ್ತಿದ್ದ. ನಮ್ಮ ದಟ್ಟ ಕಾಡು ಸವಣೂರಿನ ವೀಳ್ಯದೆಲೆಯ ತೋಟವಾಗಿತ್ತು. ನಮ್ಮ ಜೀಪಿನ ಚಾಲಕ ಹುಸೇನಸಾಬ ಸವಣೂರಿನವನೇ. ಅವನು ಮುಂದೆ ತಿಂಗಳುಗಟ್ಟಲೆ ತವರೂರಿಗೆ ಹೋಗಿ ಬಂದಾಗಲೆಲ್ಲ, "ಅಡವ್ಯಾಗಿಂದ ತಂದೇನ್ರಿ ಸಾಹೇಬ್ರ, ಹುಲಿ ನೋಡ್ಕೊಂತ" ಎಂದು ಎಲೆಯ ಕಟ್ಟನ್ನು ನಂಜುಂಡಯ್ಯನವರ ಮೇಜಿನ ಮೇಲೆ ಇಡುತ್ತಿದ್ದ. ಅವರು ಫೈಲಿನಿಂದ ಕಣ್ಣೆತ್ತದೆ ಎಲೆ ಹಾಕಿಕೊಳ್ಳುತ್ತಿದ್ದರು.

ಇಷ್ಟು ಹೇಳಿದ್ದು ನಮ್ಮ ಕಚೇರಿಯ ನಡವಳಿಕೆ ನಿಮಗೆ ತಿಳಿಯಲಿ ಎಂದು. ಈಗ ಕೆರೆಯ ವಿಷಯಕ್ಕೆ ಬರುತ್ತೇನೆ.

ಎಂಬತ್ತರ ದಶಕದ ಮೊದಲಲ್ಲಿ ನಮಗೆ ಒಂದು ದೊಡ್ಡ ಕೆಲಸ ಬಂತು. ಮಳೆಗಾಲಕ್ಕೆ ಮುಂಚೆ ಯಾವ ಕೆರೆಗಳ ಏರಿ ದುರಸ್ತಿ ಮಾಡಬೇಕು ಎಂದು ಫಿಲ್ಮು ನೋಡಿ ಆರಿಸಬೇಕು. ನಿಯಮ ಸರಳ. ಕಪ್ಪಗೆ ಕಂಡರೆ ಆಳವಾದ ಒಳ್ಳೆಯ ಕೆರೆ, ಏರಿ ದುರಸ್ತಿ ಮಾಡಬಹುದು. ತಿಳಿನೀಲಿ ಕಂಡರೆ ಹೂಳು ತುಂಬಿದ ಕೆರೆ, ನೀರೇ ನಿಲ್ಲದ ಕೆರೆಗೆ ಏರಿ ಕಟ್ಟಿ ಏನು ಪ್ರಯೋಜನ, ಅದನ್ನು ಬಿಡಬೇಕು. ತಿಳವಳ್ಳಿ ದಾರಿಯಲ್ಲಿ ಬಿದರಕೊಪ್ಪ ಎಂಬ ಊರು. ಅದರ ಕೆರೆ ಹಿಂದಿನ ಬೇಸಿಗೆಯ ಫಿಲ್ಮಿನಲ್ಲಿ ಹಾಲಿಗೆ ನೀಲಿ ಬೆರೆಸಿದ ಹಾಗೆ ಬೆಳ್ಳಗಿತ್ತು. ಸಾಹೇಬರು ಅದರ ಮೇಲೆ ಅಡ್ಡಗೆರೆ ಎಳೆದರು.

ಅಲ್ಲಲ್ಲಿ ಒಂದೆರಡು ಕೆರೆಗಳನ್ನು ಸ್ವತಃ ಹೋಗಿ ನೋಡಿ ಬರುವ ಪದ್ಧತಿ ಇತ್ತು. ಹಿರೇಕೆರೂರಿನ ಕಡೆ ಕೆಲಸ ಮುಗಿಸಿ ಬರುವಾಗ ಜೀಪು ಕಾದು ಹೊಗೆ ಬಿಟ್ಟಿತು. ಹುಸೇನಸಾಬ ರೇಡಿಯೇಟರಿಗೆ ನೀರು ಬೇಕೆಂದು ಎಡಕ್ಕೆ ತಿರುಗಿಸಿದ. ಎದುರಿಗೆ ಬಿದರಕೊಪ್ಪದ ಕೆರೆ. ಚಳಿಗಾಲ ಮುಗಿಯುವ ಸಮಯ. ನೀರು ಕನ್ನಡಿಯ ಹಾಗಿತ್ತು. ನಾನು ಏರಿಯ ಮೇಲೆ ನಿಂತು, ಇದು ಹೂಳಿನ ಕೆರೆಯಾದರೆ ನಾನು ಹಾನಗಲ್ಲಿನ ದೇಸಾಯಿ ಎಂದುಕೊಂಡೆ.

ಏರಿಯ ಬುಡದಲ್ಲಿ ಕೆಳಗಿನ ಕಡೆ ಏಳೆಂಟು ಮನೆಗಳಿದ್ದವು. ಬೌದ್ಧ ಧರ್ಮಕ್ಕೆ ಸೇರಿಕೊಂಡ ಬಡವರ ಮನೆಗಳು. ಊರಿನ ಗೌಡರು, ವ್ಯಾಪಾರಸ್ಥರು ಎಲ್ಲರೂ ದಿಬ್ಬದ ಮೇಲೆ, ಇವರು ಮಾತ್ರ ತಗ್ಗಿನಲ್ಲಿ. ಮೊದಲ ಮನೆಯ ಯಲ್ಲಪ್ಪ ಹೊರಗೆ ಬಂದು ನನ್ನನ್ನು ಮಾತನಾಡಿಸಿದ. ನಲವತ್ತರ ಆಸುಪಾಸಿನ ಆಳು, ಕೂಲಿ ಮಾಡುತ್ತ, ಪಾಲಿಗೆ ಹೊಲ ಹಿಡಿದು ಭತ್ತ ಬೆಳೆಯುತ್ತಿದ್ದ. ಅವನು ನನ್ನನ್ನು ಮನೆಯ ಹಿಂದಕ್ಕೆ ಕರೆದುಕೊಂಡು ಹೋದ. ಏರಿಯ ಬುಡದಿಂದ ನೀರು ಜಿನುಗಿ ಹಿತ್ತಲೆಲ್ಲ ಹಸಿಯಾಗಿತ್ತು.

"ತೂಬಿನ ಕಲ್ಲ ಸರದಾವ್ರಿ. ಈಗ ಇಷ್ಟ. ಮಳಿಗಾಲದಾಗ ಕೆರಿ ತುಂಬಿತಂದ್ರ ಈ ಗ್ವಾಡಿಗೆ ಕಿವಿ ಹಚ್ಚಿದ್ರ ನೀರ ಹರಿಯೂದು ಕೇಳಸ್ತದ. ಮಳಿ ಹತ್ತಿದ ಕೂಡ್ಲೆ ನಾವು ಮಕ್ಕಳು ಮರಿ, ಜ್ವಾಳದ ಚೀಲ ತಗೊಂಡು ಸಾಲಿ ಕಟ್ಟಿ ಹತ್ತಿ ಕುಂದರತೇವಿ" ಎಂದ.

ಅವನ ತಾಯಿ ಚಂದ್ರವ್ವ ಬಾಗಿಲಲ್ಲಿ ನಿಂತು, "ಬ್ಯಾರೇ ಮಂದಿ ಮಳಿ ಬಂದ್ರ ಮನಿ ಒಳಗ ಓಡ್ತಾರ. ನಾವು ಮನಿ ಬಿಟ್ಟು ಹೊರಗ ಓಡ್ತೇವಿ. ನಮ್ಮದು ಎಲ್ಲಾ ಉಲ್ಟಾ" ಎಂದು ನಗಾಡಿದಳು. ಅವಳ ನಗು ನನಗೆ ನಾಟಿತು. ಏರಿ ಒಡೆದರೆ ಆ ಮನೆಗಳು ನೀರಿಗೆ ಒಂದು ಗುಟುಕಿಗೂ ಆಗುವುದಿಲ್ಲ. ದುರಸ್ತಿಯ ಆಸೆಯನ್ನು ನಾವು ಧಾರವಾಡದಲ್ಲಿ ಕುಳಿತು ಒಂದು ಗೆರೆ ಎಳೆದು ಮುಗಿಸಿದ್ದೆವು.

ಕೆರೆ ಹೂಳು ತುಂಬಿದೆ ಎಂದು ಫಿಲ್ಮಿನಲ್ಲಿ ಕಂಡಿದೆಯಲ್ಲ ಎಂದೆ. ಅಷ್ಟರಲ್ಲಿ ಊರ ಬಸನಗೌಡರು ತಲೆಗೆ ಸುತ್ತಿದ ಪಟಗಾ ಸರಿಪಡಿಸಿಕೊಳ್ಳುತ್ತ ಬಂದಿದ್ದರು. ಗೌಡರೂ ಯಲ್ಲಪ್ಪನೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. "ಹೂಳಾ? ಇಳದ ನೋಡ್ರಿ ಸಾಹೇಬ್ರ, ನಿಮ್ಮ ಟೊಪಗಿ ಅಷ್ಟ ಮ್ಯಾಲ ತೇಲ್ತದ" ಎಂದರು ಗೌಡರು. ಉದ್ದನೆಯ ಬಿದಿರ ಗಳ ತಂದು ನೀರಿಗೆ ಇಳಿಸಿದರು, ಗಳದ ತುದಿ ಕೈಗೆ ಸಿಗದಷ್ಟು ಕೆಳಗೆ ಹೋಯಿತು.

ಹಾಗಾದರೆ ಫಿಲ್ಮಿನಲ್ಲಿ ಬೆಳ್ಳಗೆ ಕಂಡದ್ದು ಏನು? ನನ್ನ ಹತ್ತಿರ ಫಿಲ್ಮಿನ ತಾರೀಖು ಇತ್ತು. ಚಂದ್ರವ್ವನ ಮನೆಯ ಗೋಡೆಯ ಮೇಲೆ, ಬುದ್ಧನ ಚಿತ್ರದ ಪಕ್ಕ, ಹಳೆಯ ವರ್ಷದ ಕ್ಯಾಲೆಂಡರು ಇನ್ನೂ ತೂಗುತ್ತಿತ್ತು. ನೋಡಿದೆ, ಅದು ಅಮಾವಾಸ್ಯೆಯ ಮರುದಿನ. "ಹೋದ ಬ್ಯಾಸಗ್ಯಾಗ, ಯುಗಾದಿ ಮುಗಿದ ಮ್ಯಾಲಿನ ಅಮಾಸಿ ಮರುದಿನ ಮುಂಜಾನೆ ಈ ಕೆರ್ಯಾಗ ಏನ್ ನಡದಿತ್ತು?" ಎಂದು ಕೇಳಿದೆ.

ಚಂದ್ರವ್ವ ಹಣೆ ಬಡಿದುಕೊಂಡಳು. "ಅಯ್ಯ, ಅವತ್ತ ಮೀನಬ್ಯಾಟಿ ಅಲ್ಲೇನ್ರಿ. ಅದ ದಿನ ನಮ್ಮ ಸೊಸಿಗೆ ಬ್ಯಾನಿ ಸುರುವಾತು. ಊರಾಗ ಒಂದ ನರಪಿಳ್ಳಿ ಇಲ್ಲ. ಸೂಲಗಿತ್ತಿನೂ ಕೆರ್ಯಾಗ. ಏರಿ ಮ್ಯಾಲ ನಿಂತು ಒದರಿದ್ರ, ಒಂದ ಮೀನ ಕೈಗೆ ಹತ್ತೇತಿ, ಹಿಡಕೊಂಡ ಬರ್ತೇನಿ ಅಂತಾಳ."

"ಬಂದಳೇನು?"

"ಬಂದಳ್ರಿ, ಮೀನು ಹಿಡಕೊಂಡ ಬಂದಳು. ಕುತ್ತಿಗಿ ತನಕಾ ರಾಡಿ. ಮೊದಲ ಆಕೀನ್ನ ತೊಳದ್ವಿ, ಆಮ್ಯಾಲ ಕೂಸಿನ್ನ ತೊಳದ್ವಿ."

ಆ ಕಡೆಯ ಮೀನುಬೇಟೆ ನೋಡದವರಿಗೆ ಹೇಳಬೇಕು. ಬೇಸಿಗೆಯಲ್ಲಿ ಕೆರೆಯ ನೀರು ಇಳಿದಾಗ ಒಂದು ದಿನ ಗೊತ್ತುಮಾಡಿ, ಸುತ್ತಲ ಹಳ್ಳಿಯವರೆಲ್ಲ ಕೂಣಿ ಎನ್ನುವ ಬಿದಿರಿನ ಬುಟ್ಟಿ ಹಿಡಿದು ಒಟ್ಟಿಗೆ ಕೆರೆಗೆ ಇಳಿಯುತ್ತಾರೆ. ಬುಟ್ಟಿಗೆ ತಳ ಇರುವುದಿಲ್ಲ, ಕೆಸರಿಗೆ ಒತ್ತಿ ಮೇಲಿನ ಬಾಯಿಂದ ಕೈ ಹಾಕಿ ಮೀನು ಹಿಡಿಯುವುದು. ನೂರಾರು ಜನ ತುಳಿದ ಮೇಲೆ ಕೆರೆ ಅಂಬಲಿಯಾಗುತ್ತದೆ. ಬಸನಗೌಡರ ಮನೆಯವರು ಮೀನು ಮುಟ್ಟುವವರಲ್ಲ. "ನಾವು ತಿನ್ನೂದಿಲ್ರಿ, ಮೂಗಿಗೆ ವಸ್ತ್ರ ಕಟ್ಟಿಕೊಂಡು ಏರಿ ಮ್ಯಾಲ ನಿಂತು ನೋಡ್ತೇವಿ" ಎಂದರು ಗೌಡರು. ಆ ಅಂಬಲಿಯ ಮೇಲೆ, ಅದೇ ದಿನ, ಅದೇ ಹೊತ್ತಿಗೆ, ನೂರಾರು ಮೈಲಿ ಎತ್ತರದಲ್ಲಿ ನಮ್ಮ ಉಪಗ್ರಹ ಹಾದುಹೋಗಿತ್ತು. ನಾನು ಆ ಹಿತ್ತಲಿನಲ್ಲೇ ಕುಣಿದುಬಿಟ್ಟೆ. ಹುಸೇನಸಾಬ ನನಗೆ ಬಿಸಿಲು ಹತ್ತಿದೆ ಎಂದುಕೊಂಡು ರೇಡಿಯೇಟರಿಗೆ ತಂದ ನೀರನ್ನು ನನ್ನ ತಲೆಗೆ ತಟ್ಟಿದ.

ಧಾರವಾಡಕ್ಕೆ ಬಂದು ನಂಜುಂಡಯ್ಯನವರಿಗೆ ಹೇಳಿದೆ. ಅವರು ಪೂರ್ತಿ ಕೇಳಿದರು. "ಸೂಲಗಿತ್ತಿ ಮೀನು ಹಿಡಿದುಕೊಂಡು ಹೆರಿಗೆಗೆ ಬಂದ್ಲು, ಆದ್ದರಿಂದ ಕೆರೆ ಆಳವಾಗಿದೆ ಅಂತ ನಾನು ಮೇಲಿನವರಿಗೆ ಬರೆಯಲೇನ್ರೀ?" ಎಂದರು. ಗಳ ಇಳಿಸಿದ್ದನ್ನು ಹೇಳಿದೆ. "ಒಂದು ಕಡೆ ಗುಂಡಿ ಇರುತ್ತೆ, ಅಲ್ಲೇ ಇಳಿಸಿರ್ತಾರೆ. ಫಿಲ್ಮಿಗೆ ಉತ್ತರ ಫಿಲ್ಮೇ. ಇನ್ನೊಂದು ಫಿಲ್ಮಿನಲ್ಲಿ ಕಪ್ಪಗೆ ಕಾಣಲಿ, ಗೆರೆ ಅಳಿಸ್ತೀನಿ." ನಾನು ಒಂದು ಕಡೆ ಎಳೆದರೆ ಅವರು ಇನ್ನೊಂದು ಕಡೆ ಎಳೆಯುತ್ತಿದ್ದರು. ಎತ್ತು ಏರಿಗೆ, ಕೋಣ ನೀರಿಗೆ. ಇಬ್ಬರಲ್ಲಿ ಎತ್ತು ಯಾರು ಎಂದು ಹುಸೇನಸಾಬನನ್ನು ಕೇಳಿದರೆ, "ನಾ ಡ್ರೈವರ್ ಅದೇನ್ರಿ, ನನಗ ಕೇಳಬ್ಯಾಡ್ರಿ" ಎಂದ.

ಕೆರೆಗಳ ಆಯ್ಕೆಯ ಕೊನೆಯ ಸಭೆ ಹತ್ತಿರವಿತ್ತು. ಉಪಗ್ರಹದ ಚಿತ್ರ ಇಳಿಸಿಕೊಳ್ಳುವ ಹೈದರಾಬಾದಿನ ಕೇಂದ್ರಕ್ಕೆ ತಂತಿ ಕೊಟ್ಟು ವಿಚಾರಿಸಿದೆ. ಸಭೆಗೆ ಮೊದಲು ಒಂದೇ ಒಂದು ಸಲ ಉಪಗ್ರಹ ನಮ್ಮ ಭಾಗದ ಮೇಲೆ ಬರುವುದಿತ್ತು, ಮುಂಜಾನೆ ಒಂಬತ್ತೂವರೆಯ ಸುಮಾರಿಗೆ. ಅದು ತಪ್ಪಿದರೆ ಮುಂದಿನ ಸಲ ಬರುವಷ್ಟರಲ್ಲಿ ಸಭೆ ಮುಗಿದಿರುತ್ತದೆ, ಯಲ್ಲಪ್ಪನ ಹಿತ್ತಲಿನ ಏರಿ ಹಾಗೆಯೇ ಮಳೆಗಾಲಕ್ಕೆ ಹೋಗುತ್ತದೆ. ನಾನು ಬಿದರಕೊಪ್ಪಕ್ಕೆ ಓಡಿ, ಅವತ್ತು ಮುಂಜಾನೆ ಕೆರೆ ಕಲಕಬೇಡಿ, ಮೇಲಿಂದ ಉಪಗ್ರಹ ಫೋಟೊ ತೆಗೆಯುತ್ತದೆ ಎಂದು ಗೌಡರಿಗೂ ಯಲ್ಲಪ್ಪನಿಗೂ ಹೇಳಿಬಂದೆ. ನಾನು ಹೇಳಿದ್ದು ಅಷ್ಟೇ.

ಊರು ಅದನ್ನು ಎಲ್ಲಿಗೆ ಒಯ್ದಿತು ಎಂಬುದು ಅವತ್ತು ಜೀಪಿನಿಂದ ಇಳಿದ ಮೇಲೆ ಗೊತ್ತಾಯಿತು. ಹಿಂದಿನ ದಿನಗಳಲ್ಲೇ ಡಂಗುರ ಸಾರಿಸಿದ್ದರು. ಕೆರೆಯಲ್ಲಿ ಯಾರೂ ಕಾಲು ಅದ್ದುವಂತಿಲ್ಲ, ಅರಿವೆ ಒಗೆಯುವಂತಿಲ್ಲ, ಎಮ್ಮೆ ಬಿಡುವಂತಿಲ್ಲ. ಊರಿನ ದನ, ಎಮ್ಮೆ, ಅರಿವೆಯ ಗಂಟು ಎಲ್ಲವನ್ನೂ ಗುಡ್ಡದಾಚೆಯ ಸೀಗಿಹಳ್ಳಿಯ ಕೆರೆಗೆ ಸಾಗಿಸಿದ್ದರು. ಅದು ಒಳ್ಳೆಯ ಉಪಾಯ ಎಂದು ಮೆಚ್ಚಿಕೊಂಡೆ. ಆಮೇಲೆ ಏರಿಯ ಕಡೆ ನೋಡಿದೆ.

ಏರಿಯ ಉದ್ದಕ್ಕೂ ಇಡೀ ಊರು ಸಾಲಾಗಿ ನಿಂತಿತ್ತು. ಹೆಂಗಸರು ಹೊಸ ಇಳಕಲ್ಲ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿ, ಹೂ ಮುಡಿದಿದ್ದರು. ಎತ್ತರದವರು ಹಿಂದೆ, ಗಿಡ್ಡರು ಮುಂದೆ. ಗೌಡರು ಕೋಟು ತೊಟ್ಟು, ಜರಿಯ ಪಟಗಾ ಸುತ್ತಿ, ನಡುವಿನಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಚಂದ್ರವ್ವ ರಾಡಿಯಲ್ಲಿ ಹುಟ್ಟಿದ ಮೊಮ್ಮಗನಿಗೆ ಕುಲಾಯಿ ತೊಡಿಸಿ, ದೃಷ್ಟಿಬೊಟ್ಟು ಇಟ್ಟು, ಅವನ ಮುಖವನ್ನು ಆಕಾಶಕ್ಕೆ ತಿರುಗಿಸಿ ಹಿಡಿದಿದ್ದಳು. ನಾನು ನಗಲಾರದೆ ಜೀಪಿನ ಹಿಂದೆ ಹೋಗಿ ಕುಳಿತೆ. ತಾವೇ ನೋಡುತ್ತೇನೆಂದು ನನ್ನ ಜೊತೆ ಬಂದಿದ್ದ ನಂಜುಂಡಯ್ಯನವರು ಮಾತ್ರ ಬಹಳ ಗಂಭೀರವಾಗಿ ಜನರ ಮುಂದೆ ಹೋದರು.

"ನೋಡ್ರಿ, ಇದು ಅಂಥ ಫೋಟೊ ಅಲ್ಲ. ನೀವ್ಯಾರೂ ಇದರಲ್ಲಿ ಕಾಣೋದಿಲ್ಲ" ಎಂದರು.

"ನಾವು ಕಾಣದಿದ್ರ ನಡೀತದ್ರಿ. ನನ್ನ ಪಟಗಾ ಆದ್ರೂ ಕಾಣಸ್ತದಲ್ಲ?" ಎಂದರು ಗೌಡರು.

"ಅದೂ ಇಲ್ಲ."

"ಜರಿ ಐತ್ರಿ ಇದಕ್ಕ."

ಜರಿ ಇದ್ದರೂ ಕಾಣುವುದಿಲ್ಲ ಎಂದು ಸಾಹೇಬರು ಮತ್ತೆ ಹೇಳಿದರು. ಗೌಡರು ಒಪ್ಪಿದ ಹಾಗೆ ತಲೆಯಾಡಿಸಿ, ಪಟಗಾದ ತುರಾಯಿಯನ್ನು ಇನ್ನಷ್ಟು ಎತ್ತಿ ಕಟ್ಟಿಕೊಂಡರು. ಒಬ್ಬರೂ ಅಲುಗಲಿಲ್ಲ.

ಒಂಬತ್ತು ದಾಟುವ ಹೊತ್ತಿಗೆ ಪಡುವಣದಿಂದ, ಬನವಾಸಿಯ ಕಡೆಯಿಂದ, ಒಂದು ಬಿಳಿ ಮೋಡ ಒಂಟಿಯಾಗಿ ಬಂತು. ಇಡೀ ಆಕಾಶದಲ್ಲಿ ಅದೊಂದೇ. ಮೋಡ ಕೆರೆಯ ಮೇಲೆ ನಿಂತರೆ ಎಲ್ಲ ನೀರುಪಾಲು, ಫಿಲ್ಮಿನಲ್ಲಿ ಹತ್ತಿಯ ಉಂಡೆ ಬಿಟ್ಟು ಬೇರೇನೂ ಇರುವುದಿಲ್ಲ. ಸಾಹೇಬರ ಮುಖ ಬಾಡಿತು. ನನ್ನ ನಗು ಇಂಗಿತು. ವಿಷಯ ತಿಳಿದ ಕೂಡಲೇ ಯಲ್ಲಪ್ಪ ಹೆಗಲ ಮೇಲಿನ ವಸ್ತ್ರ ತೆಗೆದು, ಕೋಳಿ ಓಡಿಸುವವನ ಹಾಗೆ ಮೋಡದ ಕಡೆಗೆ ಬೀಸತೊಡಗಿದ. ಅವನನ್ನು ನೋಡಿ ಎಲ್ಲರೂ ಬೀಸಿದರು. ಸೆರಗು, ವಸ್ತ್ರ, ಟೊಪಗಿ. ಗೌಡರು ಜರಿಯ ಪಟಗಾವನ್ನೇ ಬಿಚ್ಚಿ ಬೀಸಿದರು. ತಿರುಗಿ ನೋಡಿದರೆ ನಂಜುಂಡಯ್ಯನವರು ಇಸ್ತ್ರಿ ಮಾಡಿದ ಕರವಸ್ತ್ರ ತೆಗೆದು, ತುದಿಗಾಲಲ್ಲಿ ನಿಂತು, "ಹೋಗಯ್ಯ, ಆಚೆ ಹೋಗಯ್ಯ" ಎಂದು ಮೋಡಕ್ಕೆ ಬಹುವಿನಯದಿಂದ ಹೇಳುತ್ತಿದ್ದರು.

ಗಾಳಿಗೆ ಏನೆನ್ನಿಸಿತೋ, ಮೋಡ ಗುಡ್ಡದ ಬದಿಗೆ ಸರಿಯಿತು. ನಾನು ಗಡಿಯಾರ ನೋಡುತ್ತಿದ್ದೆ. ಏರಿಯ ಮೇಲೆ ಉಸಿರಿನ ಸದ್ದಿಲ್ಲ. ಕೂಸು ಕೂಡ ಅಳಲಿಲ್ಲ.

"ಬಂತೇನ್ರಿ?" ಎಂದರು ಗೌಡರು, ತುಟಿ ಅಲುಗಿಸದೆ.

"ಬಂದು ಹೋಯಿತು" ಎಂದೆ.

"ಹೋತಾ? ಒಂದ ಸಪ್ಪಳ ಇಲ್ಲ, ಏನಿಲ್ಲ. ಒಂದ ಮಾತು ಹೇಳಿ ಹೋಗಬಾರ್ದಾ?" ಗೌಡರಿಗೆ ಬಹಳ ಬೇಸರವಾಯಿತು. ಆದರೂ ಎಲ್ಲರಿಗೂ ಮಂಡಕ್ಕಿ, ಚಹಾ ಮಾಡಿಸಿದ್ದರು. ಹುಸೇನಸಾಬ ಸವಣೂರ ಖಾರ ತಂದಿದ್ದ. ಅವತ್ತು ಏರಿಯ ಮೇಲೆ ಒಂದು ಮದುವೆಯ ದಿಬ್ಬಣವೇ ನಡೆದುಹೋಯಿತು.

ಆಮೇಲೆ ಕಾಯುವ ಕೆಲಸ. ಫಿಲ್ಮು ಹೈದರಾಬಾದಿನಿಂದ ಟಪಾಲಿನಲ್ಲಿ ಬರಬೇಕು. ಯಲ್ಲಪ್ಪ ತಿಳವಳ್ಳಿಯಿಂದ ಬಸ್ಸು ಹಿಡಿದು ಎರಡು ಸಲ ಕಚೇರಿಗೆ ಬಂದು ಹೋದ. ಬಂದಾಗಲೆಲ್ಲ ಬಾಗಿಲಲ್ಲೇ ನಿಂತು, "ಬಂತೇನ್ರಿ?" ಎನ್ನುವನು. "ಊರಿಗೆ ಬಂದಾಕಿ ನೀರಿಗೆ ಬರ್ಲಾರ್ದ ಇರ್ತಾಳೇನು? ಬರ್ತದ ತಡೀಪಾ" ಎಂದು ಹುಸೇನಸಾಬ ಅವನಿಗೆ ಚಹಾ ಕುಡಿಸಿ ಕಳಿಸುವನು. ಧಾರವಾಡದಲ್ಲಿ ಆಗಲೇ ಸಂಜೆ ಗುಡುಗು ಶುರುವಾಗಿತ್ತು.

ಸಭೆಯ ಹಿಂದಿನ ದಿನ ಫಿಲ್ಮು ಬಂತು. ಸಾಹೇಬರು ಕೈತೊಳೆದು, ಒರೆಸಿ, ಮೇಜಿನ ಮೇಲೆ ಹರಡಿದರು. ಭೂತಗನ್ನಡಿ ಅವರ ಕಣ್ಣಿನಲ್ಲಿ, ನನ್ನ ಪ್ರಾಣ ಅವರ ಬೆನ್ನ ಹಿಂದೆ. ಬಿದರಕೊಪ್ಪದ ಕೆರೆ ಕಾಡಿಗೆಯಷ್ಟು ಕಪ್ಪಗಿತ್ತು. ನಾನು ಕೂಗಬೇಕೆನ್ನುವಷ್ಟರಲ್ಲಿ ಸಾಹೇಬರು ಕೈ ಎತ್ತಿ ತಡೆದರು.

"ತಾಳ್ರೀ. ಪಕ್ಕದ ಕೆರೆ ಯಾವುದು? ಹೋದ ವರ್ಷ ಕಪ್ಪಗಿತ್ತಲ್ಲ. ಈಗ ಪೂರ್ತಿ ಬೆಳ್ಳಗಾಗಿದೆ. ಒಂದು ವರ್ಷದಲ್ಲಿ ಒಂದು ಕೆರೆ ಹೀಗೆ ಹೂಳು ತುಂಬಿಕೊಳ್ಳುತ್ತೇನ್ರೀ?"

ಅದು ಸೀಗಿಹಳ್ಳಿಯ ಕೆರೆ. ಬಿದರಕೊಪ್ಪದ ಎಲ್ಲ ಎಮ್ಮೆಗಳು, ದನಗಳು, ಅರಿವೆಯ ಗಂಟುಗಳು, ಅವುಗಳ ಜೊತೆ ಸೀಗಿಹಳ್ಳಿಯವರ ಸ್ವಂತ ಎಮ್ಮೆಗಳು, ಎಲ್ಲವೂ ಸೇರಿ ಆ ಸಣ್ಣ ಕೆರೆಯನ್ನು ಕಲಸಿ ಇಟ್ಟಿದ್ದವು. ನಾನು ಹೇಳಿದೆ. ನಂಜುಂಡಯ್ಯನವರು ಭೂತಗನ್ನಡಿ ಕೆಳಗಿಟ್ಟರು. ಹಳೆಯ ಫಿಲ್ಮು ತರಿಸಿ ಎರಡನ್ನೂ ಪಕ್ಕಪಕ್ಕ ಇಟ್ಟರು. ಅದರಲ್ಲಿ ಬಿದರಕೊಪ್ಪ ಬಿಳಿ, ಸೀಗಿಹಳ್ಳಿ ಕಪ್ಪು. ಇದರಲ್ಲಿ ಸೀಗಿಹಳ್ಳಿ ಬಿಳಿ, ಬಿದರಕೊಪ್ಪ ಕಪ್ಪು. ಒಮ್ಮೆ ಅದನ್ನು, ಒಮ್ಮೆ ಇದನ್ನು ಬಗ್ಗಿ ನೋಡಿದರು. ಆಮೇಲೆ ಅವರ ಹೆಗಲು ಅಲುಗತೊಡಗಿತು. ಅಳುತ್ತಿದ್ದಾರೆಂದು ಹೆದರಿದೆ. ನಗುತ್ತಿದ್ದರು. "ಹೂಳಲ್ಲ ಕಣ್ರೀ, ಎಮ್ಮೆ. ನಾವು ಇಷ್ಟು ವರ್ಷ ಎಮ್ಮೆ ಅಳೀತಾ ಇದ್ವಿ" ಎಂದು ಕಣ್ಣೀರು ಬರುವವರೆಗೂ ನಕ್ಕರು. ಒಂದು ಫಿಲ್ಮೂ ಸುಳ್ಳು ಹೇಳಿರಲಿಲ್ಲ, ನಿಜ. ಅದು ಹೇಳಿದ್ದನ್ನು ನಾವು ಬೇರೆ ಮಾಡಿ ಕೇಳಿಸಿಕೊಂಡಿದ್ದೆವು.

ಮರುದಿನ ಸಭೆಗೆ ಅವರು ಎರಡೂ ಫಿಲ್ಮು ಹಿಡಿದು ಹೋದರು. ಬಿದರಕೊಪ್ಪದ ಏರಿ ದುರಸ್ತಿಗೆ ಒಪ್ಪಿಗೆ ತಂದರು. ಅಷ್ಟೇ ಅಲ್ಲ, ಒಂದೇ ಫಿಲ್ಮು ನೋಡಿ ಯಾವ ಕೆರೆಯ ಮೇಲೂ ಗೆರೆ ಎಳೆಯಬಾರದು, ಕಡಿಮೆಯೆಂದರೆ ಎರಡು ತಾರೀಖಿನದು ನೋಡಬೇಕು, ಹೋಗಿ ಊರವರನ್ನು ಕೇಳಬೇಕು ಎಂದು ತಾವೇ ಪದ್ಧತಿ ಬದಲಿಸಿದರು. ನೀವು ಈಗ ಕಂಪ್ಯೂಟರಿನಲ್ಲಿ ಹತ್ತಾರು ತಾರೀಖಿನ ಚಿತ್ರ ಒಟ್ಟಿಗೆ ಜೋಡಿಸುತ್ತೀರಿ. ಜೋಡಿಸುವಾಗ ಎಮ್ಮೆಗಳನ್ನು ಒಮ್ಮೆ ನೆನೆಯಿರಿ. ಅಡ್ಡಗೆರೆ ಬಿದ್ದಿದ್ದ ಇನ್ನೂ ನಾಲ್ಕಾರು ಕೆರೆಗಳು ಅವತ್ತು ಉಳಿದವು. ಸೀಗಿಹಳ್ಳಿಯ ಹಿರಿಯರು ಒಂದು ದಿನ ಕಚೇರಿಗೆ ಬಂದು, "ಅವರ ಎಮ್ಮಿ ನಮ್ಮ ಕೆರಿಗೆ ಬಂದು ಫೋಟೊ ಕೆಡಿಸ್ಯಾವ. ಈ ಸಲ ನಾವು ನಮ್ಮ ಎಮ್ಮಿ ಅವರ ಕಡೆ ಹೊಡಿತೇವಿ, ನಮಗೊಂದು ತಾರೀಖು ಕೊಡ್ರಿ" ಎಂದು ಪಟ್ಟುಹಿಡಿದು ಕುಳಿತರು. ಅವರಿಗೂ ಎಲೆ ಅಡಿಕೆ ಕೊಟ್ಟು, ನಿಮ್ಮ ಕೆರೆ ಚೆನ್ನಾಗಿದೆ ಎಂದು ಒಪ್ಪಿಸಿ ಕಳಿಸುವಷ್ಟರಲ್ಲಿ ಸಾಕುಸಾಕಾಯಿತು.

ದುರಸ್ತಿ ಕೆಲಸ ಮಳೆಯ ಜೊತೆ ಓಟದ ಪಂದ್ಯದ ಹಾಗೆ ನಡೆಯಿತು. ತೂಬಿನ ಕಲ್ಲುಗಳನ್ನು ಕಿತ್ತು ಹೊಸದಾಗಿ ಕೂರಿಸಿ, ಏರಿಗೆ ಜಿಗುಟು ಮಣ್ಣು ತುಂಬಿ ದಮ್ಮಸು ಹಾಕಿ ಗಟ್ಟಿ ಮಾಡಿದರು. ಬುಡದ ಮನೆಗಳವರು ಕೂಲಿಗೂ ಬಂದರು, ಕೂಲಿ ಮುಗಿದ ಮೇಲೂ ಮಣ್ಣು ಹೊತ್ತರು. ಗೌಡರು ತಮ್ಮ ಎತ್ತಿನ ಚಕ್ಕಡಿಗಳನ್ನು ಕೊಟ್ಟರು. ಕೆಲಸ ಮುಗಿದು ಏರಿಯ ಮೇಲೆ ಹುಲ್ಲು ಹಿಡಿಯುವ ಮೊದಲೇ ಮಳೆ ಬಂತು.

ಅದು ಎಂಥ ಮಳೆ. ಧರ್ಮಾ ಹೊಳೆ ದಂಡೆ ಮೀರಿತು, ವರದಾ ಹೊಳೆ ಹೊಲಗಳಿಗೆ ನುಗ್ಗಿತು ಎಂದು ಸುದ್ದಿ ಬರತೊಡಗಿತು. ನಂಜುಂಡಯ್ಯನವರು ಕಚೇರಿಯಲ್ಲಿ ಕುಳಿತಲ್ಲಿ ಕೂರಲಿಲ್ಲ. ಕಿಟಕಿಗೆ ಹೋಗುವರು, ಬರುವರು. ಕೊನೆಗೆ, "ಮೋಡ ಕವಿದಿರುವಾಗ ಉಪಗ್ರಹಕ್ಕೆ ಏನೂ ಕಾಣಲ್ಲ. ನಾವೇ ಹೋಗೋಣ ನಡೀರಿ" ಎಂದರು. ಹುಸೇನಸಾಬ ಕೂಡಲೇ ಜೀಪು ತೆಗೆದ. ದಾರಿಯುದ್ದಕ್ಕೂ ಮೂವರಲ್ಲಿ ಯಾರೂ ನಗಲಿಲ್ಲ.

ಬಿದರಕೊಪ್ಪ ಮುಟ್ಟಿದಾಗ ಮಧ್ಯಾಹ್ನ. ಮೊದಲು, ಬುಡದ ಮನೆಯವರು ಮಳೆಗೆ ಹತ್ತಿ ಕೂರುವ ಶಾಲೆಯ ಕಟ್ಟೆ ನೋಡಿದೆವು. ಖಾಲಿ. ಏರಿ ಹತ್ತಿದೆವು. ಕೆರೆ ಕಂಠಮಟ್ಟ ತುಂಬಿ, ಕೆಂಪು ನೀರು ಅಲೆ ಹೊಡೆಯುತ್ತಿತ್ತು. ಕೋಡಿ ಬಿದ್ದು ಹೆಚ್ಚಿನ ನೀರು ತನ್ನ ದಾರಿಯಲ್ಲಿ ಹೋಗುತ್ತಿತ್ತು. ಕೆಳಗಿನ ಮನೆಗಳ ಸುತ್ತ ಒಬ್ಬ ಮನುಷ್ಯನೂ ಕಾಣಲಿಲ್ಲ. ಛತ್ರಿ ಗಾಳಿಗೆ ಮಗುಚಿಕೊಂಡಿತು. ಮೂವರೂ ಜಾರುತ್ತ, ಒಬ್ಬರನ್ನೊಬ್ಬರು ಹಿಡಿದುಕೊಳ್ಳುತ್ತ ಇಳಿದು, ಯಲ್ಲಪ್ಪನ ಹಿತ್ತಲಿಗೆ ಹೋಗಿ ಏರಿಯ ಬುಡ ನೋಡಿದೆವು. ಮೇಲಿನ ಮಳೆಯ ನೀರು ಬಿಟ್ಟರೆ ಒಂದು ಹನಿ ಜಿನುಗಿರಲಿಲ್ಲ. ಸಾಹೇಬರು ಕೆಸರಿನಲ್ಲಿ ಮೊಣಕಾಲೂರಿ, ಮನೆಯ ಹಿಂಗೋಡೆಗೆ ಕಿವಿ ಹಚ್ಚಿದರು. ಒಳಗಿನಿಂದ ಬಂದದ್ದು ರೊಟ್ಟಿ ಬಡಿಯುವ ಸಪ್ಪಳ.

ಬಾಗಿಲು ತೆರೆಯಿತು. ಚಂದ್ರವ್ವ ಮೊಮ್ಮಗನನ್ನು ಬಗಲಲ್ಲಿ ಇಟ್ಟುಕೊಂಡು ನಿಂತಿದ್ದಳು. ತೊಯ್ದು ತೊಪ್ಪೆಯಾಗಿದ್ದ ನಮ್ಮನ್ನು ಮೇಲಿಂದ ಕೆಳಗೆ ನೋಡಿದಳು.

"ಇಂಥಾ ಮಳ್ಯಾಗ ಹೊರಗ್ಯಾಕ ನಿಂತೀರಿ? ಒಳಗ ಬರ್ರಿ" ಎಂದಳು.

ನಂಜುಂಡಯ್ಯನವರು ಬೂಟು ಕಳಚಿ, ಪ್ಯಾಂಟಿನ ಕೆಸರು ಒರೆಸಿ, ತಲೆ ಬಗ್ಗಿಸಿ ಎಲ್ಲರಿಗಿಂತ ಮೊದಲು ಒಳಗೆ ಹೋದರು. ಹೊರಗೆ ಮಳೆ ಹೊಯ್ಯುತ್ತಲೇ ಇತ್ತು. ನಾವು ಒಲೆಯ ಹತ್ತಿರ ಕುಳಿತು ಬಿಸಿ ರೊಟ್ಟಿ ತಿಂದೆವು.